ಸಕ್ಕರೆ ನೂರ ಮೂವತ್ತೆಂಟು

ನಮ್ಮ ಯಜಮಾನರು ತಕ್ಕಡಿ ರಿಪೇರಿ ಮಾಡುವವರು. ಹಳೇ ಕಾಲದ ಬಟ್ಟಲಿನ ತಕ್ಕಡಿ, ಮುಳ್ಳು ತಿರುಗುವ ತಕ್ಕಡಿ, ಈಗಿನ ಕೆಂಪು ಅಂಕಿ ಮಿನುಗುವ ಯಂತ್ರ, ಲಾರಿಯನ್ನೇ ಹತ್ತಿಸಿ ತೂಗುವ ವೇಬ್ರಿಡ್ಜು, ಯಾವುದು ಕೆಟ್ಟರೂ ಪೇಟೆಯವರು ಇವರನ್ನೇ ಕರೆಯುತ್ತಾರೆ. ಬೆನ್ನ ಹಿಂದೆ ಇವರಿಗೆ ಮಿಲಿಗ್ರಾಂ ಅಂತ ಹೆಸರು. ಮಗಳು ಹುಟ್ಟಿದಾಗ ಆಸ್ಪತ್ರೆಯವರು ಬರೆದ ತೂಕವನ್ನು ಇವರು ಒಪ್ಪಲಿಲ್ಲ. ಚೀಲದಿಂದ ಸ್ಕ್ರೂಡ್ರೈವರ್ ತೆಗೆದು, ಅವರ ತಕ್ಕಡಿಯನ್ನು ಬಿಚ್ಚಿ ಸರಿಮಾಡಿ, ಮಗುವನ್ನು ಮತ್ತೆ ತೂಗಿಸಿ, ಇಪ್ಪತ್ತು ಗ್ರಾಂ ಕಡಿಮೆ ಬರೆಸಿಕೊಂಡ ಮೇಲೇ ಇವರಿಗೆ ಸಮಾಧಾನ. ಬೇರೆ ಅಪ್ಪಂದಿರು ಮಗುವಿನ ತೂಕವನ್ನು ಒಂದಿಷ್ಟು ಏರಿಸಿ ಹೇಳಿಕೊಂಡು ತಿರುಗುತ್ತಾರೆ. ನನ್ನ ಹಣೆಬರಹಕ್ಕೆ ಇಂಥವರು ಸಿಕ್ಕಿದರು.

ನಾನು ಹೆಂಗಸರ ಕೂದಲು ಕತ್ತರಿಸುವವಳು. ಮನೆಯ ಮುಂದಿನ ಕೋಣೆ ನನ್ನ ಪಾರ್ಲರು, ಅದರ ಹಿಂದಿನದು ಇವರ ಕೆಲಸದ ಕೋಣೆ, ನಡುವೆ ಬರೀ ಒಂದು ಪರದೆ. ಗೋಡೆಯಗಲದ ಕನ್ನಡಿಯಲ್ಲಿ ದಿನಕ್ಕೆ ಹತ್ತು ಹದಿನೈದು ಮುಖ ನೋಡುತ್ತೇನೆ. ಕುರ್ಚಿಯಲ್ಲಿ ಕೂತವಳು ರಾತ್ರಿ ನಿದ್ದೆ ಮಾಡಿಲ್ಲವೋ, ನೆಗಡಿ ಶುರುವಾಗುತ್ತಿದೆಯೋ, ಅತ್ತೆಯ ಜೊತೆ ಮಾತು ಬಿಟ್ಟಿದ್ದಾಳೋ, ಅವಳು ಬಾಯಿ ತೆರೆಯುವ ಮೊದಲೇ ನನಗೆ ತಿಳಿದಿರುತ್ತದೆ. ಇವರು ಅದನ್ನು ಅಂದಾಜು ಅನ್ನುತ್ತಾರೆ. ಬೇರೆಯವರು ಬೈಗುಳವನ್ನು ಹೇಳುವ ಧಾಟಿಯಲ್ಲಿ ಇವರು ಆ ಪದವನ್ನು ಹೇಳುತ್ತಾರೆ.

ಇವರಿಗೆ ಸಕ್ಕರೆ ಕಾಯಿಲೆ ಹನ್ನೆರಡು ವರ್ಷದಿಂದ ಇದೆ. ಹೃದಯದ್ದು ಹೊಸದು. ಹೋದ ವರ್ಷ ಕಾಲು ಊದಿತು, ಚಪ್ಪಲಿ ಹಿಡಿಸದಾಯಿತು, ಮಲಗಿದರೆ ಉಸಿರು ಸಿಕ್ಕಿಕೊಳ್ಳತೊಡಗಿತು. ಚಪ್ಪಲಿಯ ಚರ್ಮ ಕುಗ್ಗಿದೆ ಅಂತ ಒಂದು ವಾರ ವಾದ ಮಾಡಿದರು. ಕೊನೆಗೆ ಆಸ್ಪತ್ರೆಗೆ ಎಳೆದುಕೊಂಡು ಹೋದೆ. ಹೃದಯದ ಬಲ ಕುಂದಿದೆ, ರಕ್ತವನ್ನು ಸರಿಯಾಗಿ ತಳ್ಳುತ್ತಿಲ್ಲ, ಅದಕ್ಕೇ ಮೈಯಲ್ಲಿ ನೀರು ನಿಂತಿದೆ ಅಂದರು ಡಾಕ್ಟರು. ಆರು ದಿನ ವಾರ್ಡಿನ ಹೊರಗಿನ ಬೆಂಚಿನ ಮೇಲೆ ಕೂತಿದ್ದೆ. ಇನ್ನೊಂದು ಸಲ ಆ ಬೆಂಚಿನ ಮೇಲೆ ಕೂರುವ ಗತಿ ಬಾರದಿರಲಿ ಅನ್ನುವುದೊಂದೇ ಆಗ ನನಗಿದ್ದ ಆಸೆ, ಈಗಲೂ ಇರುವ ಆಸೆ.

ಮನೆಗೆ ಕಳಿಸುವಾಗ ಹಳೆಯ ಮಾತ್ರೆಗಳ ಜೊತೆಗೆ ಹೊಸದೊಂದನ್ನು ಸೇರಿಸಿದರು. ಬೆಳಿಗ್ಗೆ ಒಂದು, ಅಷ್ಟೇ. ಅದು ಸಕ್ಕರೆಯನ್ನು ಮೂತ್ರದಲ್ಲಿ ಹೊರಗೆ ಕಳಿಸುತ್ತದೆ, ಹೆಚ್ಚಿನ ನೀರನ್ನೂ ಇಳಿಸುತ್ತದೆ, ಹೃದಯಕ್ಕೂ ಆಸರೆಯಾಗುತ್ತದೆ. ಒಂದೇ ಮಾತ್ರೆ ಎರಡು ಕಾಯಿಲೆಯನ್ನು ನೋಡಿಕೊಳ್ಳುತ್ತದೆ ಅಂದಾಗ ಇವರ ಮುಖ ಅರಳಿತು. ಒಂದೇ ಯಂತ್ರ ಕೆಜಿಯನ್ನೂ ತೋರಿಸಿ ಲೀಟರನ್ನೂ ತೋರಿಸಿದರೆ ಇವರಿಗೆ ಆಗುವಷ್ಟೇ ಖುಷಿ.

ಆ ಮಾತ್ರೆಯ ಬಗ್ಗೆ ಹೃದಯದ ಕ್ಲಿನಿಕ್ಕಿನ ನರ್ಸಮ್ಮ ಇವರನ್ನು ಕೂರಿಸಿಕೊಂಡು ಅರ್ಧ ಗಂಟೆ ಹೇಳಿದ್ದರು. ನಾನು ಆಗ ಕೆಳಗಿನ ಔಷಧಿ ಕೌಂಟರಿನ ಸಾಲಿನಲ್ಲಿ ನಿಂತಿದ್ದೆ. ಅದು ನಾನು ಮಾಡಿದ ತಪ್ಪು. ದಿನಾ ಬೆಳಿಗ್ಗೆ ತೂಕ ನೋಡಿ ಬರೆದಿಡಿ, ಮೂರು ದಿನದಲ್ಲಿ ಎರಡು ಕೆಜಿ ಏರಿದರೆ ಫೋನ್ ಮಾಡಿ ಅಂದಿದ್ದರು. ಮೂತ್ರದಲ್ಲಿ ಸಕ್ಕರೆ ಹೋಗುವುದರಿಂದ ಆ ಜಾಗವನ್ನು ತೊಳೆದು ಒಣಗಿಸಿಕೊಳ್ಳಿ, ತುರಿಕೆ ಬಂದರೆ ನಾಚಿಕೆಪಡದೆ ಹೇಳಿ ಅಂದಿದ್ದರು. ಆಗ ಇವರು ಕೆಂಪಾಗಿ, ಫ್ಯಾನಿನ ರೆಕ್ಕೆ ಎಣಿಸುತ್ತಾ ಕೂತಿದ್ದರಂತೆ. ಆಮೇಲೆ ನರ್ಸಮ್ಮನೇ ನನಗೆ ಹೇಳಿ ನಕ್ಕರು. ಫ್ಯಾನು ಎಣಿಸುವ ಹೊತ್ತಿನಲ್ಲೇ ಮುಖ್ಯವಾದ ಮಾತು ತಲೆಯ ಮೇಲೆ ಹಾದುಹೋಗಿರಬೇಕು. ವಾಂತಿ, ಭೇದಿ, ಜ್ವರ ಬಂದು ಊಟ ನೀರು ಸೇರದಿದ್ದರೆ ಆ ದಿನ ಈ ಮಾತ್ರೆಯನ್ನು ತೆಗೆದುಕೊಳ್ಳಬಾರದು, ಕ್ಲಿನಿಕ್ಕಿಗೆ ಫೋನ್ ಮಾಡಬೇಕು ಅನ್ನುವ ಮಾತು ಅದು. ಅದನ್ನೆಲ್ಲ ಒಂದು ಹಾಳೆಯಲ್ಲಿ ಅಚ್ಚು ಹಾಕಿಸಿ ಕೈಗೂ ಕೊಟ್ಟಿದ್ದರು.

ಇವರ ಕಿವಿಗೆ ಬಿದ್ದಿದ್ದು ತೂಕ ಅನ್ನುವ ಪದ ಮಾತ್ರ. ಮನೆಗೆ ಬಂದವರೇ ಹೊಸ ತೂಕದ ಯಂತ್ರ ತಂದು, ಬಿಚ್ಚಿ, ಕಂಪನಿಯವರಿಗೆ ಕೆಲಸವೇ ಬರುವುದಿಲ್ಲ ಅಂತ ಗೊಣಗಿ, ಮತ್ತೆ ಜೋಡಿಸಿ, ಬಚ್ಚಲಮನೆಯ ಬಾಗಿಲ ಪಕ್ಕ ಇಟ್ಟರು. ನರ್ಸಮ್ಮ ಏನಂದರು ಅಂತ ಕೇಳಿದೆ. ದಿನಾ ತೂಕ ನೋಡಬೇಕಂತೆ ಅಂದರು. ಅಷ್ಟೇನಾ ಅಂದೆ. ಅಷ್ಟೇ, ಒಂದು ಕಾಗದ ಕೊಟ್ಟಿದ್ದಾರೆ, ಜೋಪಾನವಾಗಿ ಇಟ್ಟಿದ್ದೇನೆ ಅಂದರು. ನಾನೂ ಅದನ್ನು ತೆಗೆಸಿ ನೋಡಲಿಲ್ಲ.

ಮೂರು ತಿಂಗಳು ಎಲ್ಲ ಚೆನ್ನಾಗಿತ್ತು. ಕಾಲಿನ ಊತ ಇಳಿಯಿತು, ಮೆಟ್ಟಿಲು ಹತ್ತಿದರೂ ಏದುಸಿರಿಲ್ಲ. ಬೆಳಿಗ್ಗೆ ಆರೂವರೆಗೆ ತೂಕ, ಏಳಕ್ಕೆ ಬೆರಳು ಚುಚ್ಚಿ ಸಕ್ಕರೆ, ಏಳೂವರೆಗೆ ಮಾತ್ರೆ, ಎಲ್ಲವೂ ಒಂದು ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಬರೆಯುತ್ತಿದ್ದರು. ಒಂದು ದಿನವೂ ತಪ್ಪಿಲ್ಲ ಅಂತ ಬಂದವರಿಗೆಲ್ಲ ತೋರಿಸುತ್ತಿದ್ದರು. ನನ್ನ ಗಿರಾಕಿಗಳಿಗೂ ಬಿಡಲಿಲ್ಲ. ಕೂದಲಿಗೆ ಬಣ್ಣ ಮೆತ್ತಿಕೊಂಡು ಕೂತ ಹೆಂಗಸರು ಎದ್ದು ಓಡಲಾಗದೆ ಅದನ್ನು ಪೂರ್ತಿ ನೋಡಿದರು.

ಆಮೇಲೆ ಒಂದು ಶುಕ್ರವಾರ ತಕ್ಕಡಿ ರಿಪೇರಿಯವರ ಸಂಘದ ಸಭೆ ಇತ್ತು. ಅಲ್ಲಿ ಊಟ ಮಾಡಿದ ಒಂಬತ್ತು ಜನರ ಹೊಟ್ಟೆಯೂ ಕೆಟ್ಟಿತು. ಶನಿವಾರ ಬೆಳಗಿನ ಜಾವದಿಂದ ಇವರಿಗೆ ವಾಂತಿ, ಭೇದಿ. ಏನು ಕೊಟ್ಟರೂ ನಿಲ್ಲುತ್ತಿರಲಿಲ್ಲ. ಸೂಪು ಮಾಡಿಕೊಟ್ಟೆ, ಎರಡು ಚಮಚ ಕುಡಿದು ಮುಖ ತಿರುಗಿಸಿದರು. ಆದರೆ ಏಳೂವರೆಗೆ ಸರಿಯಾಗಿ ಎದ್ದು, ಗೋಡೆ ಹಿಡಿದುಕೊಂಡು ಹೋಗಿ, ಎರಡು ಗುಟುಕು ನೀರಿನಲ್ಲಿ ಮಾತ್ರೆ ನುಂಗಿದರು. ಕಷ್ಟದಲ್ಲೂ ಮಾತ್ರೆ ಬಿಡಲಿಲ್ಲವಲ್ಲ ಅಂತ ನಾನೇ ಮೆಚ್ಚಿಕೊಂಡೆ. ನನ್ನ ಬುದ್ಧಿಗೆ ಏನು ಹೇಳಲಿ.

ಭಾನುವಾರವೂ ಅದೇ ಕಥೆ. ಡಾಕ್ಟರ ಹತ್ತಿರ ಹೋಗೋಣ ಅಂದೆ. ಹಾಸಿಗೆಯಿಂದಲೇ ನೋಟ್‌ಬುಕ್ಕು ತೆರೆದು ತೋರಿಸಿದರು. ಶನಿವಾರ ಎಪ್ಪತ್ತೆಂಟು ಕೆಜಿ ನಾನೂರು ಗ್ರಾಂ, ಭಾನುವಾರ ಎಪ್ಪತ್ತೇಳು ಕೆಜಿ ನೂರು ಗ್ರಾಂ. ತೂಕ ಏರಿದರೆ ತಾನೇ ಡಾಕ್ಟರಿಗೆ ಹೇಳಬೇಕಾದ್ದು, ಇದು ಇಳಿಯುತ್ತಿದೆ, ಮೈಯ ನೀರು ಹೋಗುತ್ತಿದೆ, ಅವರಿಗೂ ಬೇಕಾಗಿದ್ದು ಅದೇ ಅಂತ ವಾದ. ಸಕ್ಕರೆಯೂ ಸರಿಯಾಗಿದೆ ಅಂತ ಅದರ ಮೇಲೊಂದು ಒಗ್ಗರಣೆ. ಉಪವಾಸ ಬಿದ್ದ ಮನುಷ್ಯನ ತೂಕ ಇಳಿಯದೆ ಏರುತ್ತದೆಯೇ ಅಂತ ನಾನು ಕೂಗಾಡಿದೆ. ಅದಕ್ಕೆ ಇವರು ಸೊಪ್ಪು ಹಾಕಲಿಲ್ಲ. ನನಗೆ ಮೂಗಿನ ತುದಿಯಲ್ಲಿ ಕೋಪ. ಅಡುಗೆಮನೆಗೆ ಹೋಗಿ ಪಾತ್ರೆಗಳನ್ನು ಬೇಕಂತಲೇ ಸದ್ದು ಮಾಡುತ್ತಾ ತೊಳೆದೆ.

ಸೋಮವಾರ ಬೆಳಿಗ್ಗೆ ವಾಂತಿ ಕಡಿಮೆಯಾಗಿತ್ತು. ಇವರು ಸ್ನಾನ ಮಾಡಿ, ಶರ್ಟು ಹಾಕಿಕೊಂಡು, ಮಾತ್ರೆ ನುಂಗಿ, ಕೆಲಸದ ಕೋಣೆಯಲ್ಲಿ ಕೂತರು. ತಿಂಡಿ ಬೇಡ ಅಂದರು. ನಾನು ಅಂಗಡಿಯ ಬಾಗಿಲು ತೆಗೆದೆ. ಹನ್ನೊಂದು ಗಂಟೆಯ ಹೊತ್ತಿಗೆ ಟ್ಯಾಕ್ಸಿ ಓಡಿಸುವವಳು ಬಂದಳು. ಎಂಟು ವರ್ಷದಿಂದ ನನ್ನ ಗಿರಾಕಿ, ಅವಳು ಮೆಲ್ಲಗೆ ಮಾತಾಡಿದರೂ ರಸ್ತೆಯ ಆ ಬದಿಗೆ ಕೇಳುತ್ತದೆ. ಉದ್ದ ಕೂದಲು ಸಾಕಾಯ್ತು, ಕಿವಿಯ ಮಟ್ಟಕ್ಕೆ ಕತ್ತರಿಸು ಅಂದಳು. ಎಡಭಾಗ ಮುಗಿಸಿ, ಬಲಭಾಗದ ಕ್ಲಿಪ್ಪು ತೆಗೆಯುತ್ತಿದ್ದೆ. ಆಗ ಇವರು ಸಣ್ಣ ಕತ್ತರಿ ಕೇಳಲು ಪರದೆ ಸರಿಸಿ ಬಂದು ನನ್ನ ಹಿಂದೆ ನಿಂತರು.

ನಾನು ತಿರುಗಿ ನೋಡಲಿಲ್ಲ, ಕನ್ನಡಿಯಲ್ಲಿ ನೋಡಿದೆ. ಎರಡು ದಿನ ಹಾಸಿಗೆಯ ಪಕ್ಕ ಕೂತು ನೋಡಿದಾಗ ಕಾಣದೆ ಇದ್ದದ್ದು ಆ ಕನ್ನಡಿಯಲ್ಲಿ ಕಂಡಿತು. ಕಣ್ಣು ಒಳಗೆ ಹೋಗಿತ್ತು. ತುಟಿ ಒಡೆದಿತ್ತು. ಸುಮ್ಮನೆ ನಿಂತಿದ್ದರೂ ಮೂರು ಮಹಡಿ ಹತ್ತಿ ಬಂದವರ ಹಾಗೆ ಎದೆ ಮೇಲೆ ಕೆಳಗೆ ಹೋಗುತ್ತಿತ್ತು, ಉಸಿರು ಆಳವಾಗಿ, ಬೇಗಬೇಗ. ಹತ್ತಿರ ಬಾಗಿ ಕತ್ತರಿ ತೆಗೆದುಕೊಂಡಾಗ ಅವರ ಉಸಿರಿನಲ್ಲಿ ಕೊಳೆಯಲು ಶುರುವಾದ ಹಣ್ಣಿನ ವಾಸನೆ ಬಂತು. ಈ ಮುಖದ ಗಿರಾಕಿ ಯಾರಾದರೂ ಕುರ್ಚಿಯಲ್ಲಿ ಕೂತಿದ್ದರೆ ಕೂದಲು ಮುಟ್ಟದೆ ಆಸ್ಪತ್ರೆಗೆ ಕಳಿಸುತ್ತಿದ್ದೆ.

“ರೀ, ಕೂತ್ಕೊಳ್ಳಿ. ನಿಮಗೆ ಮೈ ಸರಿಯಿಲ್ಲ,” ಅಂದೆ.

“ಎಪ್ಪತ್ತೈದು ಒಂಬೈನೂರು. ಸಕ್ಕರೆ ನೂರ ಮೂವತ್ತೆಂಟು. ಇನ್ನೇನು ಸರಿಯಾಗಿರಬೇಕು?” ಅಂದರು. ಅಷ್ಟು ಹೇಳುವುದರಲ್ಲಿ ಎರಡು ಸಲ ಉಸಿರು ಎಳೆದುಕೊಂಡರು.

ಟ್ಯಾಕ್ಸಿಯವಳು ಕುರ್ಚಿಯಿಂದಲೇ ತಿರುಗಿ ಇವರನ್ನು ಮೇಲಿಂದ ಕೆಳಗೆ ನೋಡಿ, ಎದ್ದು ತನ್ನ ಕುರ್ಚಿ ಬಿಟ್ಟುಕೊಟ್ಟಳು. ಇವರು ಬೇಡ ಅನ್ನುತ್ತಲೇ ಕೂತರು, ಅಥವಾ ಕಾಲು ನಿಲ್ಲಲಾರದೆ ಕುಸಿದರು. ನಾನು ಕ್ಲಿನಿಕ್ಕಿನ ನಂಬರು ಎಲ್ಲಿ ಅಂತ ಕೇಳಿದೆ. ಆ ಕಾಗದದಲ್ಲಿದೆ ಅಂದರು. ಕಾಗದ ಎಲ್ಲಿ ಅಂದೆ. ಇವರು ಬಚ್ಚಲಮನೆಯ ಕಡೆ ಕೈ ತೋರಿಸಿದರು. ತೂಕದ ಯಂತ್ರದ ಕೆಳಗೆ ನೋಡು ಅಂದರು.

ಓಡಿದೆ. ನೆಲದ ಒಂದು ಟೈಲ್ಸು ಒಂದು ಕೂದಲೆಳೆಯಷ್ಟು ತಗ್ಗಿತ್ತಂತೆ. ಯಂತ್ರ ಓರೆಯಾದರೆ ಐವತ್ತು ಗ್ರಾಂ ಹೆಚ್ಚುಕಡಿಮೆ ಆಗುತ್ತದೆ ಅಂತ ನರ್ಸಮ್ಮ ಕೊಟ್ಟ ಹಾಳೆಯನ್ನು ಎಂಟು ಮಡಿಕೆ ಮಾಡಿ, ಯಂತ್ರದ ಕಾಲಿನಡಿ ಒತ್ತು ಕೊಟ್ಟಿದ್ದರು. ಮೂರು ತಿಂಗಳು ದಿನಾ ಬೆಳಿಗ್ಗೆ ಆ ಮಾತುಗಳ ಮೇಲೇ ಹತ್ತಿ ನಿಂತಿದ್ದಾರೆ. ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಒದ್ದೆಯಾಗಿದ್ದ ಹಾಳೆಯನ್ನು ಹರಿಯದ ಹಾಗೆ ಬಿಡಿಸಿ ಓದಿದೆ. ವಾಂತಿ ಅಥವಾ ಭೇದಿ ಇದ್ದಾಗ ಈ ಮಾತ್ರೆ ಬೇಡ ಅನ್ನುವುದು ದಪ್ಪ ಅಕ್ಷರದಲ್ಲೇ ಇತ್ತು. ಅಲ್ಲೇ ನಿಂತು ಫೋನ್ ಮಾಡಿದೆ.

ನರ್ಸಮ್ಮ ಗಾಬರಿಪಡಲಿಲ್ಲ, ನನ್ನನ್ನೂ ಗಾಬರಿಪಡಲು ಬಿಡಲಿಲ್ಲ. ಇವತ್ತು ಮಾತ್ರೆ ತೆಗೆದುಕೊಂಡಿದ್ದಾರಾ ಅಂತ ಕೇಳಿದರು. ಮೂರು ದಿನವೂ ತೆಗೆದುಕೊಂಡಿದ್ದಾರೆ ಅಂದೆ. ಉಸಿರು ಹೇಗಿದೆ, ಮಾತು ತೊದಲುತ್ತಿದೆಯಾ, ಮೂತ್ರ ಹೋಗಿದ್ದಾರಾ ಅಂತೆಲ್ಲ ಒಂದೊಂದಾಗಿ ಕೇಳಿದರು. ಸಕ್ಕರೆ ನೂರ ಮೂವತ್ತೆಂಟು ಇದೆಯಲ್ಲ ಅಂದೆ. ಅದನ್ನೇ ಹಿಡಿದುಕೊಂಡು ಇನ್ನೂ ಒಳಗೊಳಗೇ ಆಸೆಯಿತ್ತು ನನಗೆ.

“ಅದನ್ನ ನೋಡಿ ಸುಮ್ಮನಿರಬೇಡಿ ಅಮ್ಮ,” ಅಂದರು. “ಈ ಮಾತ್ರೆ ತಗೊಳ್ಳೋರು ಊಟ ನೀರು ಬಿಟ್ಟಾಗ, ಸಕ್ಕರೆ ಸರಿಯಾಗಿದ್ದರೂ ರಕ್ತದಲ್ಲಿ ಆಮ್ಲ ಏರಿಬಿಡುತ್ತೆ. ಈಗಲೇ ತುರ್ತು ವಿಭಾಗಕ್ಕೆ ಕರ್ಕೊಂಡು ಬನ್ನಿ. ಮಾತ್ರೆಗಳನ್ನೆಲ್ಲ ತನ್ನಿ. ಆ ಆಮ್ಲಕ್ಕೇ ಕೀಟೋನ್ ಅನ್ನೋದು, ಕೀಟೋನ್ ನೋಡಿ ಅಂತ ಅಲ್ಲಿ ಬಾಯಿಬಿಟ್ಟು ಕೇಳಿ.”

ಟ್ಯಾಕ್ಸಿಯವಳು ಅಷ್ಟರಲ್ಲಿ ಕಾರು ಬಾಗಿಲಿಗೆ ತಂದು ನಿಲ್ಲಿಸಿದ್ದಳು. ಕೊರಳಿಗೆ ಕಟ್ಟಿದ್ದ ಬಟ್ಟೆಯನ್ನೂ ಬಿಚ್ಚಿರಲಿಲ್ಲ. ಎಡಗಡೆ ಕೂದಲು ಕಿವಿಯ ಮಟ್ಟಕ್ಕೆ, ಬಲಗಡೆ ಭುಜದ ಕೆಳಗೆ, ಅದರಲ್ಲಿ ನೇತಾಡುವ ಎರಡು ಕ್ಲಿಪ್ಪು. ದಾರಿಯುದ್ದಕ್ಕೂ ಸಿಗ್ನಲ್ಲಿನಲ್ಲಿ ನಿಂತವರು ಅವಳನ್ನು ಬಾಯಿ ಬಿಟ್ಟುಕೊಂಡು ನೋಡಿದರು. ಅವಳು ಕಿಟಕಿ ಇಳಿಸಿ, ಹೊಸ ಫ್ಯಾಷನ್ನು, ದಾರಿ ಬಿಡಿ ಅಂತ ಗದರಿಸುತ್ತಾ ಓಡಿಸಿದಳು. ಹಿಂದಿನ ಸೀಟಿನಲ್ಲಿ ನನ್ನ ಭುಜಕ್ಕೆ ಒರಗಿದ್ದ ಇವರು ಆ ಉಸಿರಿನಲ್ಲೂ ನಕ್ಕರು. ಆ ನಗು ನೋಡಿದ ಮೇಲೆ ನನಗೆ ಅಳು ತಡೆಯಲಾಗಲಿಲ್ಲ. ನೀವು ಹೋದರೆ ನಾನು ಏನು ಮಾಡಲಿ ಅಂತ ಬಾಯಿಬಿಟ್ಟು ಕೇಳಿಯೇಬಿಟ್ಟೆ. ಇವರು ನನ್ನ ಕೈ ಹಿಡಿದುಕೊಂಡರು.

ತುರ್ತು ವಿಭಾಗದಲ್ಲಿ ಎಳೇ ವಯಸ್ಸಿನ ಡಾಕ್ಟರು ಸಕ್ಕರೆ ನೋಡಿದರು. ನೂರ ನಲವತ್ತೊಂದು ಬಂತು. ನೋಡು ನಾನು ಹೇಳಲಿಲ್ಲವಾ ಅನ್ನುವ ಹಾಗೆ ಇವರು ಸ್ಟ್ರೆಚರಿನ ಮೇಲಿಂದಲೇ ನನ್ನ ಕಡೆ ಹುಬ್ಬು ಹಾರಿಸಿದರು. ನಾನು ಮಾತ್ರೆಯ ಸ್ಟ್ರಿಪ್ಪನ್ನು ಡಾಕ್ಟರ ಮುಂದೆ ಹಿಡಿದು, ಕೀಟೋನ್ ನೋಡಿ ಅಂದೆ. ಅವರು ಸ್ಟ್ರಿಪ್ಪು ಓದಿದರು, ಇವರ ಉಸಿರು ನೋಡಿದರು, ಕೂಡಲೇ ರಕ್ತ ತೆಗೆಸಿದರು. ಸ್ವಲ್ಪ ಹೊತ್ತಿಗೆ ಬಂದು, ಕೀಟೋನ್ ಐದು ಪಾಯಿಂಟ್ ಎರಡು ಇದೆ, ಒಂದಕ್ಕಿಂತ ಕಡಿಮೆ ಇರಬೇಕಿತ್ತು ಅಂದರು. ಇನ್ನು ಅರ್ಧ ದಿನ ತಡವಾಗಿದ್ದರೆ ಈ ಮಾತನ್ನು ಬೇರೆ ರೀತಿ ಹೇಳಬೇಕಾಗುತ್ತಿತ್ತು ಅಂತಲೂ ಅಂದರು.

ಅಂಕಿ ಕೇಳಿದ ಮೇಲೆ ಇವರ ಮುಖ ಬಿಳಿಚಿಕೊಂಡಿತು. ಎರಡು ದಿನ ನಾನು ಬಾಯಿ ಬಡಿದುಕೊಂಡರೂ ಜಗ್ಗದ ಮನುಷ್ಯ ಐದು ಪಾಯಿಂಟ್ ಎರಡಕ್ಕೆ ತಣ್ಣಗೆ ತಲೆಯಾಡಿಸಿ, ಆ ಯಂತ್ರ ಸರಿಯಾಗಿದೆ ತಾನೇ ಅಂತ ಕೇಳಿ, ಡಾಕ್ಟರ ಮುಖ ನೋಡಿ ಬಾಯಿ ಮುಚ್ಚಿಕೊಂಡರು. ಒಂದು ಕೈಗೆ ಗ್ಲೂಕೋಸು, ಇನ್ನೊಂದಕ್ಕೆ ಇನ್ಸುಲಿನ್ನು. ಹೃದಯ ಬಲಹೀನ ಇರುವುದರಿಂದ ನೀರನ್ನು ಒಮ್ಮೆಗೇ ಹರಿಸುವ ಹಾಗಿಲ್ಲ, ಹದ ನೋಡಿ ನೋಡಿ ಬಿಡಬೇಕು. ಗಂಟೆಗೊಮ್ಮೆ ರಕ್ತ ನೋಡಿದರು. ನಾನು ಮತ್ತೆ ಅದೇ ಬೆಂಚಿನ ಮೇಲೆ ಕೂತೆ, ಆದರೆ ಈ ಸಲ ಪಕ್ಕದಲ್ಲಿ ಅರ್ಧ ತಲೆಯವಳು ಇದ್ದಳು. ಇನ್ನರ್ಧ ಕತ್ತರಿಸದೆ ಮನೆಗೆ ಹೋಗುವುದಿಲ್ಲ ಅಂತ ಹಟ ಹಿಡಿದು ಕೂತಿದ್ದಳು. ವಾರ್ಡಿನ ಆಯಾ ಬಂದು ಅವಳ ತಲೆಗೆ ಏನು ಆಪರೇಷನ್ನು ಆಗಿದೆ ಅಂತ ಕನಿಕರದಿಂದ ವಿಚಾರಿಸಿದಳು. ಸಂಜೆ ಕೀಟೋನ್ ಇಳಿಯತೊಡಗಿದೆ ಅಂತ ಹೇಳಿದ ಮೇಲೆ, ಆಯಾ ಹತ್ತಿರವೇ ಕತ್ತರಿ ಕೇಳಿ ತಂದು, ಆ ಬೆಂಚಿನ ಮೇಲೇ ಬಲಗಡೆಯನ್ನೂ ಕತ್ತರಿಸಿದೆ. ಒಂದು ಕಡೆ ತುಸು ಏರುಪೇರಾಯಿತು. ಅವಳು ಈಗಲೂ ಅದನ್ನು ಹೇಳಿಕೊಂಡು ನಗುತ್ತಾಳೆ.

ನಾಲ್ಕನೇ ದಿನ ಮನೆಗೆ ಬಂದೆವು. ಹೊಸ ಮಾತ್ರೆಯನ್ನು ನಾವಾಗಿ ನಾವೇ ಶುರು ಮಾಡಬಾರದು ಅಂತ ಗಟ್ಟಿಯಾಗಿ ಹೇಳಿ ಕಳಿಸಿದ್ದರು. ಒಂದು ತಿಂಗಳ ಮೇಲೆ ಹೃದಯದ ಡಾಕ್ಟರು ಎಲ್ಲ ಪರೀಕ್ಷೆ ಮಾಡಿದರು. ಕಾರಣ ಏನೆಂದು ಗೊತ್ತಿದೆ, ಹೃದಯಕ್ಕೆ ಇದರ ಅಗತ್ಯವೂ ಇದೆ, ಕಾಯಿಲೆ ಬಿದ್ದ ದಿನ ನಿಲ್ಲಿಸುವ ನಿಯಮ ಪಾಲಿಸುತ್ತೇವೆ ಅಂದರೆ ಕೊಡುತ್ತೇನೆ ಅಂದರು. ನರ್ಸಮ್ಮ ಈ ಸಲ ನಮ್ಮಿಬ್ಬರನ್ನೂ ಒಟ್ಟಿಗೆ ಕೂರಿಸಿಕೊಂಡರು. ನಡುವೆ ನಡುವೆ ಇವರನ್ನು ತಡೆದು, ಈಗ ನಾನು ಏನು ಹೇಳಿದೆ ಅಂತ ಕೇಳಿದರು. ಮೂತ್ರದ ವಿಷಯ ಬಂದಾಗ ಇವರು ಮತ್ತೆ ತಲೆ ಮೇಲೆತ್ತಿದರು, ನಾನು ತೊಡೆಗೆ ಚಿವುಟಿದೆ. ಆಪರೇಷನ್ನು, ಹಲ್ಲು ಕೀಳಿಸುವುದು ಏನೇ ಇದ್ದರೂ ಮೊದಲೇ ನಮಗೆ ತಿಳಿಸಿ, ಉಳಿದ ಮಾತ್ರೆಗಳನ್ನು ನಿಲ್ಲಿಸಬೇಕೋ ಬೇಡವೋ ಅಂತಲೂ ನಮ್ಮನ್ನೇ ಕೇಳಿ ಅಂದರು.

ಅದಾಗಿ ಎರಡು ತಿಂಗಳಿಗೆ ಇವರಿಗೆ ಜ್ವರ ಬಂತು. ಪೇಟೆಯಲ್ಲಿ ಎಲ್ಲರಿಗೂ ಬಂದಿದ್ದ ಜ್ವರವೇ. ರಾತ್ರಿ ಊಟ ಬೇಡ ಅಂದು ಮಲಗಿದ್ದರು. ಬೆಳಿಗ್ಗೆ ನಾನು ಅಂಗಡಿಯಲ್ಲಿ ಬಾಚಣಿಗೆಗಳನ್ನು ತೊಳೆದು ಇಡುತ್ತಿದ್ದೆ. ಏಳೂವರೆಯ ಹೊತ್ತಿಗೆ ಪರದೆ ಸರಿಯಿತು. ಶಾಲು ಹೊದ್ದುಕೊಂಡು ಬಂದು, ಗಿರಾಕಿಗಳ ಕುರ್ಚಿಯಲ್ಲಿ ಕನ್ನಡಿಗೆ ಮುಖ ಮಾಡಿ ಕೂತರು. ಇವರು ನನ್ನ ಕುರ್ಚಿಯಲ್ಲಿ ತಾವಾಗಿ ಬಂದು ಕೂತವರೇ ಅಲ್ಲ.

ತೂಕ ನೋಡಿದಿರಾ ಅಂತ ಕೇಳಿದೆ. ನೋಡಿದೆ ಅಂದರು. ಸಕ್ಕರೆ ಅಂದೆ. ಅದೂ ಆಯಿತು, ಬರೆದಿಟ್ಟಿದ್ದೇನೆ ಅಂದರು. ಎಷ್ಟು ಅಂತ ಮಾತ್ರ ಹೇಳಲಿಲ್ಲ. ಕನ್ನಡಿಯಲ್ಲಿ ನನ್ನ ಕಡೆ ನೋಡುತ್ತಿದ್ದರು.

“ನೀನು ಒಂದ್ಸಲ ನನ್ನ ಮುಖ ನೋಡಿ ಹೇಳು,” ಅಂದರು.

ಕೈ ಒರೆಸಿಕೊಂಡು ಹೋಗಿ, ಹಿಂದೆ ನಿಂತು ಗಲ್ಲ ಎತ್ತಿ ನೋಡಿದೆ. ಕಣ್ಣು ಸ್ವಲ್ಪ ಬಾಡಿತ್ತು, ತುಟಿ ಒಣಗಿತ್ತು, ಉಸಿರು ಶಾಂತವಾಗಿತ್ತು. ನಾಲಿಗೆ ಚಾಚಿ ಅಂದೆ, ಚಾಚಿದರು. ಅಷ್ಟೊಂದು ವಿಧೇಯ ಗಂಡನನ್ನು ಕಂಡು ಒಳಗೆ ಖುಷಿಯಾದರೂ ಮುಖದಲ್ಲಿ ತೋರಿಸಲಿಲ್ಲ.

“ಭಯಪಡುವಂಥದ್ದು ಏನಿಲ್ಲ. ಆದರೆ ನಿನ್ನೆಯಿಂದ ಹೊಟ್ಟೆಗೆ ಏನೂ ಹೋಗಿಲ್ಲ. ಇವತ್ತು ಆ ಮಾತ್ರೆ ಬೇಡ. ನರ್ಸಮ್ಮನಿಗೆ ಫೋನ್ ಮಾಡ್ತೀನಿ,” ಅಂದೆ.

ಇವರು ಶಾಲಿನೊಳಗಿಂದ ಕೈ ತೆಗೆದರು. ಅಂಗೈಯಲ್ಲಿ ಬೆಳಗಿನ ಮಾತ್ರೆ ಇತ್ತು, ಬೆವರಿಗೆ ಸ್ವಲ್ಪ ಒದ್ದೆಯಾಗಿತ್ತು. ನುಂಗಬೇಕೋ ಬೇಡವೋ ಅಂತ ಎಷ್ಟು ಹೊತ್ತಿನಿಂದ ಹಿಡಿದುಕೊಂಡಿದ್ದರೋ ಏನೋ. ಅದನ್ನು ನನ್ನ ಕೈಯಲ್ಲಿ ಇಟ್ಟು, ಸರಿ ಅಂದರು. ಮದುವೆಯಾದ ಮೂವತ್ತೊಂದು ವರ್ಷದಲ್ಲಿ ನನ್ನ ಅಂದಾಜಿಗೆ ಇವರು ಮರುಮಾತಿಲ್ಲದೆ ಸರಿ ಅಂದದ್ದು ಅದೇ ಮೊದಲು.